ವೋಚರ್ ಇಲ್ಲದ ಎಂಟ್ರಿಗಳು

ನವೆಂಬರ್ 8, 2025, ಶನಿವಾರ
ಹಾಸನ

ಎರಡನೇ ಶನಿವಾರದ ದಿನವೇ ಕನಕ ಜಯಂತಿ ಬಂದು ಒಂದು ರಜೆ ಸುಮ್ನೆ ಹೋಯಿತಲ್ಲ ಅಂತ ನಾನು ಲೆಕ್ಕ ಬರೆಯುವ ಸೊಸೈಟಿಯಲ್ಲಿ ಎಲ್ಲರಿಗೂ ಬೇಜಾರು. ನನಗೇನೂ ಅನ್ನಿಸಲಿಲ್ಲ. ಇವತ್ತು ನನಗೆ ಬೇರೆ ಕೆಲಸ ಇತ್ತು. ಕೌನ್ಸೆಲಿಂಗ್‌ಗೆ ಆರನೇ ಸಲ ಹೋಗಿ ಬಂದೆ.

ಇದನ್ನು ಇಲ್ಲಿ ಬರೆಯಲೋ ಬೇಡವೋ ಅಂತ ಎರಡು ತಿಂಗಳು ಎಳೆದಾಡಿದ್ದೇನೆ. ಇಷ್ಟು ದಿನ ಅವರೆಕಾಳಿನ ಸಾರು, ಬಸ್ಸಿನಲ್ಲಿ ಸೀಟಿನ ಜಗಳ ಅಂತ ಬರೆದುಕೊಂಡು ಇದ್ದವಳು ನಾನು. ಅದೂ ಅಲ್ಲದೆ ಕೌನ್ಸೆಲಿಂಗ್ ಅಂದರೆ ನಮ್ಮ ಕಡೆ ಜನಕ್ಕೆ ಎರಡೇ ನೆನಪಾಗೋದು. ಒಂದು ಸಿಇಟಿ ಸೀಟು, ಇನ್ನೊಂದು ಡೈವೋರ್ಸ್.

ನನ್ನದು ಎರಡೂ ಅಲ್ಲ. ಹೇಳಿಕೊಳ್ಳುವಂಥ ದೊಡ್ಡ ಕಷ್ಟ ಒಂದೂ ಇರಲಿಲ್ಲ. ಮಾವನಿಗೆ ಸ್ಟ್ರೋಕ್ ಆಗಿ ಎರಡು ವರ್ಷ, ಎಡಗೈ ಇನ್ನೂ ಸ್ವಾಧೀನಕ್ಕೆ ಬಂದಿಲ್ಲ. ಮಗ ಸೆಕೆಂಡ್ ಪಿಯುಸಿ. ಮನೆ ಸಾಲದ ಕಂತು. ಬೆಳಗ್ಗೆ ಐದಕ್ಕೆ ಎದ್ದು ತಿಂಡಿ, ಡಬ್ಬಿ, ಮಾವನ ಮಾತ್ರೆ ಎಲ್ಲ ಮುಗಿಸಿ ಎಂಟೂವರೆ ಬಸ್ಸಿಗೆ ಓಡೋದು. ಯಾರ ಮನೆಯಲ್ಲಿ ಇಲ್ಲ ಇದು, ಅಲ್ವಾ?

ಜುಲೈಯಲ್ಲಿ ಒಂದು ಸಂಜೆ ಕ್ಯಾಷ್ ಟ್ಯಾಲಿ ಆಗಲಿಲ್ಲ. 900 ರೂಪಾಯಿ ವ್ಯತ್ಯಾಸ. ಲೆಕ್ಕ ಬರೆಯುವವರಿಗೆ ಗೊತ್ತಿರುತ್ತದೆ, ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಎಲ್ಲೋ ಅಂಕಿ ಹಿಂದುಮುಂದಾಗಿದೆ ಅಂತ ಮೊದಲ ಅನುಮಾನ. ಹಾಗೇ ಆಗಿತ್ತು. 4,500 ಅನ್ನೋದನ್ನು 5,400 ಅಂತ ಬರೆದಿದ್ದೆ. ಐದು ನಿಮಿಷದಲ್ಲಿ ಸರಿಹೋಯಿತು. ಆದರೆ ಹಿರಿಯರೊಬ್ಬರು ಎಲ್ಲರ ಎದುರಿಗೇ "ಏನಮ್ಮಾ, ನಿದ್ದೆಗಣ್ಣಲ್ಲಿ ಬರೀತೀಯಾ?" ಅಂದರು. ಅಷ್ಟೇ. ಆ ರಾತ್ರಿ ಎರಡೂವರೆಗೆ ಎಚ್ಚರವಾದವಳು, ಇನ್ನು ಕೆಲಸ ಹೋಗುತ್ತದೆ, ಕಂತು ನಿಲ್ಲುತ್ತದೆ, ಮಗನ ಓದು ಅರ್ಧಕ್ಕೇ ಬೀಳುತ್ತದೆ, ಊರವರೆಲ್ಲ ನಗುತ್ತಾರೆ ಅಂತ ಕೋಳಿ ಕೂಗುವ ತನಕ ಹೊರಳಾಡಿದೆ. ಬೆಳಗ್ಗೆ ಮಾವನ ಕೈಯಿಂದ ಕಾಫಿ ಲೋಟ ಜಾರಿ ಬಿತ್ತು. ನಾನು ಒಂದು ಮಾತೂ ಆಡಲಿಲ್ಲ. ನೆಲ ಒರೆಸಿ, ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂತು ಅತ್ತೆ. ಬಸ್ಸು ಹೊರಟು ಹೋಯಿತು. ಒಂದು ಲೋಟ ಕಾಫಿಗೆ ಇಷ್ಟು ಅಳೋದಾ ಅಂತ ನನಗೇ ಹೆದರಿಕೆ ಆಯಿತು.

ಆಮೇಲೆ ದಿನಾ ಎರಡೂವರೆಗೇ ಎಚ್ಚರ. ಅಂಥ ಒಂದು ರಾತ್ರಿ ಅಡುಗೆಮನೆಯಲ್ಲಿ ಗ್ರೈಂಡರ್ ಪಕ್ಕ ಕೂತು 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಶುರು ಮಾಡಿದ್ದು. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯ ಹುಡುಗಿ ನನ್ನ ಮಗಳ ವಯಸ್ಸಿನವಳ ಹಾಗೆ ಕೇಳಿಸಿದಳು. ಮೊದಲು ಇವಳ ಹತ್ತಿರ ಏನು ಹೇಳೋದು ಅನ್ನಿಸಿತು, ಆಮೇಲೆ ಇಪ್ಪತ್ತು ನಿಮಿಷ ನಾನೇ ಮಾತಾಡಿದ್ದೆ. ಮುಖಾಮುಖಿ ಯಾರನ್ನಾದರೂ ನೋಡಿ ಅಂತ ಅವಳೇ ಹೇಳಿದ್ದು.

ಹಾಗೆ ಆಗಸ್ಟ್ ಕೊನೆಗೆ, ಮಹಾರಾಜ ಪಾರ್ಕ್ ಬಳಸಿಕೊಂಡು ಹೋಗಿ, ಯಾರಾದರೂ ಗುರುತಿನವರು ನೋಡಿದರೆ ಹಲ್ಲು ತೋರಿಸೋಕೆ ಬಂದೆ ಅನ್ನೋಣ ಅಂತ ಸುಳ್ಳು ರೆಡಿ ಇಟ್ಟುಕೊಂಡು, ಮೆಟ್ಟಿಲು ಹತ್ತಿದೆ. ಕೌನ್ಸೆಲಿಂಗ್ ಮಾಡುವ ಮೇಡಂ ಮಾತ್ರೆ ಬರೆಯುವವರಲ್ಲ. ಮಾತ್ರೆ ಕೊಡೋದು ಸೈಕಿಯಾಟ್ರಿಸ್ಟ್, ಅವರು ಎಂಬಿಬಿಎಸ್ ಮುಗಿಸಿ ಅದನ್ನು ಓದಿದ ಡಾಕ್ಟರು. ಇವರು ಸೈಕಾಲಜಿಸ್ಟ್, ಮಾತಿನಲ್ಲೇ ಕೆಲಸ. ಇದು ನನಗೆ ಅವತ್ತಿನ ತನಕ ಗೊತ್ತಿರಲಿಲ್ಲ. ಮೊದಲ ದಿನ ನಿದ್ದೆ, ಊಟ, ಮುಟ್ಟು ಎಲ್ಲ ಕೇಳಿದರು. ಥೈರಾಯ್ಡ್ ಕಮ್ಮಿಯಾದರೂ ಸುಸ್ತು, ಬೇಜಾರು ಇರುತ್ತದೆ, ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ ಅಂದರು. ಮಾಡಿಸಿದೆ, ಸರಿಯಾಗಿತ್ತು. ಇಲ್ಲಿ ಆಡಿದ ಮಾತು ಹೊರಗೆ ಹೋಗಲ್ಲ, ಜೀವಕ್ಕೇ ಅಪಾಯ ಅಂತ ಕಂಡರೆ ಮಾತ್ರ ಮನೆಯವರಿಗೆ ಹೇಳಬೇಕಾಗುತ್ತದೆ ಅಂತಲೂ ಮೊದಲೇ ಹೇಳಿದರು.

ನಾನು ಹೋಗಿದ್ದು ಬುದ್ಧಿ ಹೇಳಿಸಿಕೊಳ್ಳೋಕೆ. ಅವರು ಬುದ್ಧಿಯೇ ಹೇಳಲಿಲ್ಲ. ಇದಕ್ಕೆ ದುಡ್ಡು ಬೇರೆ ಕೊಡಬೇಕಾ ಅಂತ ಸಿಟ್ಟು ಬಂತು. ಒಂದು ನೋಟ್‌ಬುಕ್ಕಿನಲ್ಲಿ ಕಾಲಂ ಹಾಕಿಸಿದರು. ಏನು ನಡೆಯಿತು, ಮನಸ್ಸು ಏನು ಹೇಳಿತು, ಅದನ್ನು ನೂರಕ್ಕೆ ಎಷ್ಟು ನಂಬಿದೆ, ನಂಬೋದಕ್ಕೆ ಆಧಾರ ಏನು, ವಿರುದ್ಧ ಏನಿದೆ. ಇದು ಮೇಡಂ ಕಟ್ಟಿದ್ದಲ್ಲ. 1960ರ ದಶಕದಲ್ಲಿ ಆರನ್ ಬೆಕ್ ಅನ್ನೋ ಅಮೆರಿಕದ ಮನೋವೈದ್ಯರು ಹಾಕಿಕೊಟ್ಟ ದಾರಿಯಂತೆ, ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಚಿಕ್ಕದಾಗಿ ಸಿಬಿಟಿ ಅಂತಾರೆ.

ಮೊದಲ ವಾರ ಕಾಟಾಚಾರಕ್ಕೆ ಬರೆದೆ. ಎರಡನೇ ವಾರ ಬಸ್ಸಿನಲ್ಲಿ ಕೂತು ತಿರುವಿ ಹಾಕುವಾಗ ನಗು ಬಂತು. ನಡೆದದ್ದು: 900 ವ್ಯತ್ಯಾಸ, ಐದು ನಿಮಿಷದಲ್ಲಿ ಸರಿ. ಮನಸ್ಸು ಹೇಳಿದ್ದು: ಕೆಲಸ ಹೋಗುತ್ತದೆ. ಆಧಾರ: ಖಾಲಿ. ಇಪ್ಪತ್ತು ವರ್ಷದಿಂದ ಯಾರು ಎಷ್ಟೇ ಒತ್ತಾಯ ಮಾಡಿದರೂ ವೋಚರ್, ಅಂದರೆ ಖರ್ಚಿಗೆ ಆಧಾರದ ಚೀಟಿ, ಇಲ್ಲದೆ ಹತ್ತು ರೂಪಾಯಿ ಖರ್ಚು ಬರೆದವಳಲ್ಲ ನಾನು. ಅಂಥವಳು ರಾತ್ರಿ ಎರಡೂವರೆಗೆ ಎದ್ದು ಕೂತು ವೋಚರೇ ಇಲ್ಲದ ಎಂಟ್ರಿ ಪುಟಗಟ್ಟಲೆ ಹಾಕುತ್ತಿದ್ದೆ. ಮೇಡಂಗೆ ಹೇಳಿದರೆ ಅವರು ವೋಚರ್ ಅಂದರೆ ಶಾಪಿಂಗ್‌ದು ಅಂದುಕೊಂಡರು. ಪಾಪ, ಕಿರ್ದಿ ಖಾತೆ ಎಲ್ಲ ನಾನೇ ಅವರಿಗೆ ವಿವರಿಸಿದೆ.

ಇನ್ನೊಂದು ಕೊಟ್ಟರು. ಚಿಂತೆ ಬಂದ ಕೂಡಲೇ ಅದರ ಜೊತೆ ಕುಸ್ತಿ ಬೇಡ, ಒಂದು ಸಾಲು ಬರೆದಿಟ್ಟು, ದಿನಾ ಒಂದೇ ಹೊತ್ತಿಗೆ ಇಪ್ಪತ್ತು ನಿಮಿಷ ಕೂತು ಎಲ್ಲ ಒಟ್ಟಿಗೆ ನೋಡಿ ಅಂತ. ಇದು ನಮ್ಮ ಸಸ್ಪೆನ್ಸ್ ಅಕೌಂಟೇ! ಯಾವ ಖಾತೆಗೆ ಸೇರಿದ್ದು ಗೊತ್ತಾಗದ ದುಡ್ಡನ್ನು ಅಲ್ಲಿಟ್ಟು ಆಮೇಲೆ ತೀರಿಸುತ್ತೇವಲ್ಲ, ಹಾಗೆ. ನನ್ನದು ಸಂಜೆ ಆರೂವರೆಗೆ, ತುಳಸಿಕಟ್ಟೆ ಹತ್ತಿರ. ಮಲಗುವ ಹೊತ್ತಿಗೆ ಮಾತ್ರ ಇಟ್ಟುಕೊಳ್ಳಬೇಡಿ ಅಂದಿದ್ದಾರೆ. ಬರೆದಿಟ್ಟದ್ದರಲ್ಲಿ ಅರ್ಧ ಆ ಹೊತ್ತಿಗೆ ಸಪ್ಪೆಯಾಗಿರುತ್ತದೆ. ಉಳಿದರ್ಧ ಸಪ್ಪೆಯಾಗಲ್ಲ, ಅದೂ ನಿಜ.

ಮೂರನೇ ಸಲ ಹೋಗಿ ಬಂದ ಮೇಲೆ ಮೊದಲಿಗಿಂತ ಜಾಸ್ತಿ ಅಳು. ಇನ್ನು ಹೋಗಲ್ಲ ಅಂತಲೇ ಅಂದುಕೊಂಡಿದ್ದೆ. ನಾಲ್ಕನೇ ಸಲ ಜಗಳಕ್ಕೇ ಹೋದೆ. "ಮೇಡಂ, ಮಾವನ ಸ್ಟ್ರೋಕ್‌ಗೆ ವೋಚರ್ ಇದೆ. ರಾತ್ರಿ ಮೂರು ಸಲ ಏಳೋದಕ್ಕೂ ಇದೆ. ಅದನ್ನ ಕಾಲಂನಲ್ಲಿ ಬರೆದರೆ ಹೋಗುತ್ತಾ?" ಅಂದೆ. ಅವರು ನನ್ನ ಪುಸ್ತಕ ಅವರ ಕಡೆ ತಿರುಗಿಸಿಕೊಂಡು, "ಹೋಗಲ್ಲ. ಇದು ಯೋಚನೆಯ ತಪ್ಪಲ್ಲ, ಕೆಲಸದ ಹೊರೆ. ಎಲ್ಲಾ ಒಬ್ಬರ ಹೆಸರಿಗೇ ಖರ್ಚು ಬಿದ್ದಿದೆಯಲ್ಲ?" ಅಂದರು. ಖಾತೆ ಭಾಷೆ ಅಷ್ಟರಲ್ಲಿ ಅವರಿಗೂ ಬಂದಿತ್ತು.

ಅವತ್ತು ಪೂರ್ತಿ ಮಾಡಿದ್ದು ಒಂದೇ ಕೆಲಸ, ಒಂದು ಮಾತನ್ನು ಬಾಯಿಪಾಠ ಮಾಡಿದ್ದು. ಅವರು ನಮ್ಮೆಜಮಾನರ ಪಾತ್ರ, ನಾನು ನಾನೇ. ಮೊದಲು ನನ್ನ ಬಾಯಿಂದ ಬಂದದ್ದು "ನೀವು ಯಾವತ್ತಾದರೂ ನಿಮ್ಮಪ್ಪನಿಗೆ..." ಅಂತ. ಅದು ಬೇಡ, ಅದು ಜಗಳಕ್ಕೆ ಕರೆಯೋದು ಅಂದರು. ಏಳೆಂಟು ಸಲ ತಿದ್ದಿ ನಿಂತದ್ದು ಇಷ್ಟು: "ನನಗೆ ವಾರಕ್ಕೆ ಎರಡು ಸಂಜೆ ಬಿಡುವು ಬೇಕು. ಮಂಗಳವಾರ, ಭಾನುವಾರ ಮಾವನ ಸ್ನಾನ ನೀವು ಮಾಡಿಸಿ." ಮನೆಗೆ ಬಂದು ಹೇಳಿದಾಗ ಅವರು ಟಿವಿ ಸೌಂಡ್ ಜಾಸ್ತಿ ಮಾಡಿದರು. ಮಂಗಳವಾರ ನಾನು ಏಳಲಿಲ್ಲ, ಕೂತೇ ಇದ್ದೆ, ಎದೆ ಡವಡವ. ಏಳು ಗಂಟೆಗೆ ಅವರೇ ಎದ್ದು ಬಿಸಿನೀರು ತೋಡಿದರು. ಒಂದು ಸೋಪು ಎರಡು ವಾರಕ್ಕೆ ಖಾಲಿ ಮಾಡುತ್ತಾರೆ, ಮಾಡಲಿ.

ಹಾಸನಾಂಬೆ ಬಾಗಿಲು ತೆಗೆದಾಗ ಅರಸೀಕೆರೆಯಿಂದ ಅಕ್ಕ ಬಂದಿದ್ದಳು. ಕ್ಯೂನಲ್ಲಿ ಗಂಟೆಗಟ್ಟಲೆ ನಿಂತಿದ್ದಾಗ ಎಲ್ಲ ಹೇಳಿದೆ. "ನಿನಗೇನೇ ಆಗಿರೋದು, ಅನ್ನಕ್ಕೆ ಬಟ್ಟೆಗೆ ಕಮ್ಮಿಯಾ? ನಮ್ಮಮ್ಮ ಆರು ಮಕ್ಕಳ ಹೆತ್ತು ಯಾವ ಮೇಡಂ ಹತ್ರ ಹೋಗಿದ್ಲು?" ಅಂದಳು. ಮೊನ್ನೆ ಫೋನ್ ಮಾಡಿ, "ಅದೇನೋ ನಂಬರ್ ಹೇಳಿದ್ದೆಯಲ್ಲ, ಪಕ್ಕದ ಮನೆಯವರಿಗೆ ಬೇಕಂತೆ" ಅಂದಳು. ಅವಳ ಪಕ್ಕದ ಮನೆ ಖಾಲಿ ಬಿದ್ದು ಒಂದು ವರ್ಷವಾಯಿತು. ಕೊಟ್ಟೆ. ದುಡ್ಡಿಗೆ ತೊಂದರೆಯಾದರೆ ಜಿಲ್ಲಾಸ್ಪತ್ರೆಯಲ್ಲಿ ಮಾನಸಿಕ ವಿಭಾಗ ಇರುತ್ತದೆ, ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ವಿಚಾರಿಸು ಅಂತಲೂ 'ಪಕ್ಕದ ಮನೆಯವರಿಗೆ' ಹೇಳಿ ಕಳಿಸಿದೆ. ನನ್ನ ಮಟ್ಟಿಗೆ ಮೇಡಂ ಫೀಸು ಸಣ್ಣದಲ್ಲ, ಅದಕ್ಕೇ ಹದಿನೈದು ದಿನಕ್ಕೊಮ್ಮೆ ಹೋಗೋದು.

ಇವತ್ತು ಯಾರಿಗೂ ಹೇಳದ ಒಂದು ಮಾತು ಹೇಳಿದೆ. ಮಾವ ರಾತ್ರಿ ಮೂರನೇ ಸಲ ಕರೆದಾಗ, ಇದೆಲ್ಲ ಯಾವಾಗ ಮುಗಿಯುತ್ತದೋ ಅಂತ ಅನ್ನಿಸುತ್ತದೆ. ಮುಗಿಯೋದು ಅಂದರೆ ಏನು ಅಂತ ಗೊತ್ತಿದ್ದೂ. ಹೇಳಿ ತಲೆ ತಗ್ಗಿಸಿ ಕೂತೆ. ಮೇಡಂ ಹೌಹಾರಲಿಲ್ಲ. ವರ್ಷಗಟ್ಟಲೆ ಆರೈಕೆ ಮಾಡುವ ತುಂಬಾ ಜನಕ್ಕೆ ಈ ಯೋಚನೆ ಬರುತ್ತದೆ, ಬಂದ ಮರುದಿನವೂ ಅವರೇ ಎದ್ದು ಮಾತ್ರೆ ಕೊಡುತ್ತಾರೆ ಅಂದರು. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಅವರು ಸುಮ್ಮನಿರೋದು ನನಗೆ ಆಗಿಬರಲ್ಲ, ಇವತ್ತು ಪರವಾಗಿಲ್ಲ ಅನ್ನಿಸಿತು.

ಮನೆಗೆ ಬಂದಾಗ ಮಾವ ಜಗಲಿಯ ಮೇಲೆ ಕೂತಿದ್ದರು. "ರಜಾ ದಿನಾನೂ ಲೆಕ್ಕವಾ ತಾಯಿ?" ಅಂದರು. "ಹೂಂ ಮಾವ" ಅಂದೆ. ಕಾಫಿ ಮಾಡಿ, ಹಿಡಿ ಇರೋ ಕಪ್ಪಿನಲ್ಲಿ ಅರ್ಧ ಮಾತ್ರ ಹಾಕಿ ಬಲಗೈಗೆ ಕೊಟ್ಟೆ. ಆಗಸ್ಟ್‌ನಿಂದ ಹಾಗೇ ಕೊಡುತ್ತಿದ್ದೇನೆ, ಒಂದು ಸಲವೂ ಚೆಲ್ಲಿಲ್ಲ. ಅದಕ್ಕೆ ಮುಂಚೆ ಎರಡು ವರ್ಷ, ಲೋಟದ ತುಂಬ ಹಾಕಿ ಕೊಡುತ್ತಿದ್ದೆ.

ಮುಂದಿನ ಸಲ 22ಕ್ಕೆ.