1977 ಆದ ಮೇಲೆ ಸೀದಾ 1980

ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡುತ್ತೇನೆ. 2024ರ ಲೋಕಸಭಾ ಚುನಾವಣೆ ಹೊತ್ತಿಗೆ ನನಗೆ 'ಕ್ಷೇತ್ರ ಪರಿಚಯ' ಪುಟ ವಹಿಸಿದ್ದರು. ರಾಜ್ಯದಲ್ಲಿ 28 ಕ್ಷೇತ್ರ, ದಿನಕ್ಕೊಂದು. ಮೇಲೆ ಬರಹ, ಬಲಗಡೆ ಇದುವರೆಗೆ ಗೆದ್ದವರ ಪಟ್ಟಿ. ಬರಹಕ್ಕೆ ತಲೆ ಕೆಡಿಸಿಕೊಳ್ಳುತ್ತಿದ್ದೆ. ಪಟ್ಟಿ ಏನು, ತುಂಬಿಸಿದರಾಯಿತು ಅಂದುಕೊಂಡಿದ್ದೆ.

ಉಡುಪಿ-ಚಿಕ್ಕಮಗಳೂರಿನ ಸರದಿ ಬಂತು. ಚುನಾವಣಾ ಆಯೋಗ ಪ್ರತಿ ಸಾರ್ವತ್ರಿಕ ಚುನಾವಣೆಗೂ ಒಂದು ವರದಿ ಮಾಡುತ್ತದೆ. ಆ ಪಿಡಿಎಫ್‌ಗಳನ್ನು ಒಂದೊಂದಾಗಿ ತೆರೆದು, ಗೆದ್ದವರ ಹೆಸರು ಎತ್ತಿ ಸಾಲಾಗಿ ಬರೆದುಕೊಂಡೆ. 1971, 1977: ಡಿ.ಬಿ. ಚಂದ್ರೇಗೌಡ. 1980: ಡಿ.ಎಂ. ಪುಟ್ಟೇಗೌಡ. ಹೀಗೇ ಬಂದು 1998, 1999, 2004ರಲ್ಲಿ ಡಿ.ಸಿ. ಶ್ರೀಕಂಠಪ್ಪ, 2009ರಲ್ಲಿ ಡಿ.ವಿ. ಸದಾನಂದ ಗೌಡ, 2014 ಮತ್ತು 2019ರಲ್ಲಿ ಶೋಭಾ ಕರಂದ್ಲಾಜೆ. ಪಟ್ಟಿ ನೋಡಿದರೆ ಎಲ್ಲೂ ಸಂದು ಕಾಣಲಿಲ್ಲ. ಅದನ್ನೇ ನಂಬಿ '1998ರಿಂದ ಸತತವಾಗಿ ಬಿಜೆಪಿ' ಅಂತ ಉಪಶೀರ್ಷಿಕೆ ಕೊಟ್ಟೆ. ಪುಟ ಹೋಯಿತು.

ಮಾರನೇ ದಿನ ಮಧ್ಯಾಹ್ನ ಆಫೀಸಿಗೆ ಬಂದು ಬ್ಯಾಗ್ ಇಡುವಷ್ಟರಲ್ಲಿ ಲ್ಯಾಂಡ್‌ಲೈನ್ ಹೊಡೆದುಕೊಂಡಿತು. ಕೊಪ್ಪದ ಕಡೆಯ ಹಿರಿಯರೊಬ್ಬರು. ಸಿಟ್ಟಿರಲಿಲ್ಲ, ಬೇಜಾರಿತ್ತು.

"ಅಲ್ಲಮ್ಮಾ, ಇಂದಿರಮ್ಮ ನಮ್ಮ ಕ್ಷೇತ್ರದಲ್ಲಿ ನಿಂತಿದ್ದು ಸುಳ್ಳಾ?"

ಪತ್ರಿಕೆ ಎಳೆದುಕೊಂಡು ನೋಡಿದೆ. 1977ರ ಕೆಳಗೆ ಸೀದಾ 1980 ಇತ್ತು. ಚಿಕ್ಕಮಗಳೂರು ಅಂದರೆ ದೇಶವೇ ನೆನಪಿಸಿಕೊಳ್ಳುವ 1978ರ ಉಪಚುನಾವಣೆಯೇ ನನ್ನ ಪಟ್ಟಿಯಲ್ಲಿರಲಿಲ್ಲ. ನನಗೆ ಆ ವಿಷಯ ಗೊತ್ತಿರಲಿಲ್ಲ ಅಂತಲ್ಲ, ಚೆನ್ನಾಗಿಯೇ ಗೊತ್ತಿತ್ತು. ಆದರೆ ಪಟ್ಟಿ ಮಾಡುವಾಗ ನೆನಪಿಗೆ ಕೆಲಸವೇ ಕೊಟ್ಟಿರಲಿಲ್ಲ, ಬರೀ ಪಿಡಿಎಫ್ ನೋಡುತ್ತಿದ್ದೆ. ಸಾರ್ವತ್ರಿಕ ಚುನಾವಣೆಯ ವರದಿಯಲ್ಲಿ ಉಪಚುನಾವಣೆ ಇರುವುದಿಲ್ಲ.

ಅವರು ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ. "ನಾನು ಮೊದಲ ಸಲ ಓಟು ಹಾಕಿದ್ದೇ ಆವತ್ತು. ಆಗ ಇಪ್ಪತ್ತೊಂದು ತುಂಬಬೇಕಿತ್ತು, ಈಗಿನ ಹಾಗೆ ಹದಿನೆಂಟಲ್ಲ. ಆ ವರ್ಷವೇ ತುಂಬಿತ್ತು ನೋಡಿ" ಅಂದರು. ಅವರ ಅಣ್ಣ ಎದುರಾಳಿ ವೀರೇಂದ್ರ ಪಾಟೀಲರ ಕಡೆ, ತಾಯಿ ಇಂದಿರಮ್ಮನ ಕಡೆ. ಒಂದು ತಿಂಗಳು ಮನೆಯಲ್ಲಿ ಊಟದ ಹೊತ್ತಿಗೆ ಇದೇ ಮಾತಂತೆ. ಯಾರಿಗೆ ಹಾಕಿದಿರಿ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋಗಿತ್ತು. ಇಂದಿರಾ ಗಾಂಧಿ ರಾಯ್‌ಬರೇಲಿಯಲ್ಲೇ ಸೋತಿದ್ದರು. ಕರ್ನಾಟಕದಲ್ಲಿ ಮಾತ್ರ 28ರಲ್ಲಿ 26 ಕಾಂಗ್ರೆಸ್‌ಗೆ ಬಂದಿತ್ತು. ಮುಖ್ಯಮಂತ್ರಿ ದೇವರಾಜ ಅರಸು ಇಂದಿರಾ ಬೆನ್ನಿಗಿದ್ದರು. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟರು. ಎದುರಿಗೆ ಜನತಾ ಪಕ್ಷದಿಂದ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲ್. 1978ರ ನವೆಂಬರ್‌ನಲ್ಲಿ ಇಂದಿರಾ ಗೆದ್ದರು. ಡಿಸೆಂಬರ್‌ನಲ್ಲೇ ಲೋಕಸಭೆ ಅವರನ್ನು ಹಕ್ಕುಚ್ಯುತಿ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ, ಆರೋಪದ ಮೇಲೆ ಹೊರಹಾಕಿ, ಅಧಿವೇಶನ ಮುಗಿಯುವವರೆಗೆ ಜೈಲಿಗೂ ಕಳಿಸಿತು. 1980ರಲ್ಲಿ ಅವರು ನಿಂತಿದ್ದು ರಾಯ್‌ಬರೇಲಿ ಮತ್ತು ಮೇದಕ್‌ನಲ್ಲಿ. ಇಷ್ಟೆಲ್ಲ ನಡೆದದ್ದು ನನ್ನ ಪಟ್ಟಿಯ ಎರಡು ಸಾಲುಗಳ ನಡುವೆ.

ಫೋನ್ ಇಟ್ಟ ಮೇಲೆ ಕೆಳಗಿನ ಸಾಲುಗಳ ಮೇಲೂ ಅನುಮಾನ ಬಂತು. 2009ರಲ್ಲಿ ಗೆದ್ದ ಸದಾನಂದ ಗೌಡರು 2011ರಲ್ಲಿ ಮುಖ್ಯಮಂತ್ರಿಯಾದರಲ್ವಾ? ಆರು ತಿಂಗಳೊಳಗೆ ರಾಜ್ಯದ ಶಾಸನಸಭೆಗೆ ಬರಲೇಬೇಕು, ಲೋಕಸಭೆ ಸೀಟು ಬಿಡಲೇಬೇಕು. 2012ರ ಉಪಚುನಾವಣೆಯಲ್ಲಿ ಅದನ್ನು ಗೆದ್ದವರು ಕಾಂಗ್ರೆಸ್ಸಿನ ಜಯಪ್ರಕಾಶ್ ಹೆಗ್ಡೆ. ಅಂದರೆ ನನ್ನ 'ಸತತವಾಗಿ' ಅನ್ನೋ ಮಾತೇ ಸುಳ್ಳು. ಅದೂ ಅದೇ ಹೆಗ್ಡೆಯವರು 2024ರಲ್ಲಿ ಮತ್ತೆ ಅಭ್ಯರ್ಥಿಯಾಗಿ ಕಣದಲ್ಲಿದ್ದಾಗ. ಒಬ್ಬ ಅಭ್ಯರ್ಥಿಯ ಗೆಲುವನ್ನು ಮತದಾನಕ್ಕೆ ಮುಂಚೆ ಅಳಿಸಿಬಿಟ್ಟಿದ್ದೆ. ಇದು ನನಗೆ ಮೊದಲನೆಯದಕ್ಕಿಂತ ಜಾಸ್ತಿ ನೋವು ಕೊಟ್ಟಿತು. 1978 ಬಿಟ್ಟುಹೋದರೆ ಓದುವವರಿಗೆ ಕಣ್ಣಿಗೆ ಬೀಳುತ್ತದೆ, ಫೋನ್ ಮಾಡುತ್ತಾರೆ. 2012ಕ್ಕೆ ಯಾರೂ ಫೋನ್ ಮಾಡಿರಲಿಲ್ಲ.

ಇನ್ನೊಂದು ತಪ್ಪೂ ಇತ್ತು. ಈಗಿನ ಕ್ಷೇತ್ರ ಹುಟ್ಟಿದ್ದು 2008ರ ಮರುವಿಂಗಡಣೆಯಿಂದ, ಅಂದರೆ ಕ್ಷೇತ್ರಗಳ ಗಡಿ ಬದಲಿಸಿದಾಗ. ಕುಂದಾಪುರ, ಉಡುಪಿ, ಕಾಪು ಕಡೆಯವರು ಅದಕ್ಕೆ ಮೊದಲು ಹಳೆಯ ಉಡುಪಿ ಕ್ಷೇತ್ರದಲ್ಲಿದ್ದರು. ಅಲ್ಲಿ 1980ರಿಂದ 1996ರವರೆಗೆ ಐದು ಸಲ ಬಿಡದೆ ಗೆದ್ದವರು ಆಸ್ಕರ್ ಫರ್ನಾಂಡಿಸ್. ಘಟ್ಟದ ಕೆಳಗಿನ ಓದುಗರಿಗೆ ಅವರ ಹೆಸರೇ ಇಲ್ಲದ ಪಟ್ಟಿ ಕೊಟ್ಟು ಇದು ನಿಮ್ಮ ಕ್ಷೇತ್ರ ಅಂದಿದ್ದೆ. ಹಾಗೇ ಕಡೂರು ಈಗ ಹಾಸನ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ, ಬೈಂದೂರು ಶಿವಮೊಗ್ಗ ಕ್ಷೇತ್ರಕ್ಕೆ.

ಅವತ್ತಿನಿಂದ ಪಟ್ಟಿಗೆ ಒಂದು ಕಾಲಂ ಸೇರಿಸಿದ್ದೇನೆ: 'ಅವಧಿ ಹೇಗೆ ಮುಗಿಯಿತು?' ಪ್ರತಿ ಹೆಸರಿನ ಮುಂದೆ ಉತ್ತರ ಬರೆಯಲೇಬೇಕು. ಅವಧಿ ಪೂರ್ತಿ, ರಾಜೀನಾಮೆ, ನಿಧನ, ಅನರ್ಹತೆ. ಆ ಖಾನೆ ಖಾಲಿ ಇದ್ದರೆ ಪುಟ ಬಿಡುವುದಿಲ್ಲ. ಮರುವಿಂಗಡಣೆಯ ವರ್ಷ ಬಂದಲ್ಲಿ ದಪ್ಪ ಗೆರೆ ಎಳೆದು ಎರಡೂ ಹಳೆಯ ಕ್ಷೇತ್ರಗಳನ್ನು ಪಕ್ಕಪಕ್ಕ ಹಾಕುತ್ತೇನೆ. ಪುಟಕ್ಕೆ ಮುಕ್ಕಾಲು ಗಂಟೆ ಜಾಸ್ತಿ ಹಿಡಿಯುತ್ತದೆ. ಮೊದಮೊದಲು ಪೇಜ್ ಮಾಡುವವರು ಗೊಣಗಿದರು, ಆಮೇಲೆ ಅವರೇ ಕೇಳತೊಡಗಿದರು, "ಮೇಡಂ, ಇವರು ಮಧ್ಯದಲ್ಲಿ ಬಿಟ್ಟಿದ್ರಾ?"

ಆ ಫೋನ್ ಬಂದ ಮಾರನೇ ದಿನ ಎರಡೂ ಉಪಚುನಾವಣೆ ಸೇರಿಸಿ ತಿದ್ದುಪಡಿ ಹಾಕಿದೆವು. ಸಂಜೆ ಕೊಪ್ಪದಿಂದ ಮತ್ತೆ ಫೋನ್ ಬಂತು.

"ನೋಡಿದೆ ಕಣಮ್ಮಾ. ಇಂದಿರಮ್ಮ ಗೆದ್ದ ಅಂತರ 77 ಸಾವಿರದ ಮೇಲಿತ್ತು. ಅದನ್ನೂ ಹಾಕಬೇಕಿತ್ತು."