ನಾನು ಹೋದಾಗೆಲ್ಲ ಹುಡುಗ ತೆಪ್ಪಗೆ ಕೂತಿರುತ್ತಿದ್ದ

ಸೋಷಿಯಲ್ ವರ್ಕರ್ ಆಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಬರೆದ ಒಂದು ರಿಪೋರ್ಟ್ ಇವತ್ತಿಗೂ ಚುಚ್ಚುತ್ತದೆ. "ಮಗುವಿನಲ್ಲಿ ತೊಂದರೆ ಏನೂ ಕಾಣಲಿಲ್ಲ. ತಾಯಿಗೆ ಅತಿಯಾದ ಆತಂಕ. ಅಡುಗೆಮನೆಗೆ ಬೀಗ ಹಾಕಿದ್ದಾರೆ." ಮೂರೂ ಕಣ್ಣಾರೆ ಕಂಡದ್ದೇ. ಆದರೂ ಇಡೀ ರಿಪೋರ್ಟ್ ತಪ್ಪಾಗಿತ್ತು.

ಹುಡುಗನಿಗೆ ಎಂಟು ವರ್ಷ. ಎಡಿಎಚ್‌ಡಿ ಇದೆ ಅಂತ ಡಾಕ್ಟರು ಹೇಳಿದ್ದರು. ಅಂದರೆ ಗಮನ ಒಂದು ಕಡೆ ನಿಲ್ಲದಿರುವುದು, ಕೂತಲ್ಲಿ ಕೂರಲಾಗದ ಚಡಪಡಿಕೆ. ಜೊತೆಗೆ ಒಡಿಡಿ. ಅಂದರೆ ಮಾತು ಮಾತಿಗೂ ಸಿಡುಕು, ದೊಡ್ಡವರು ಏನು ಹೇಳಿದರೂ ಎದುರು ಬೀಳುವುದು, ಅದೂ ತಿಂಗಳುಗಟ್ಟಲೆ. ಶಾಲೆಯಿಂದ ದೂರು ಬಂದಿತ್ತು, ಹಾಗಾಗಿ ನಾನು ಹೋಗಿದ್ದೆ. ಮುಕ್ಕಾಲು ಗಂಟೆ ಕೂತಿದ್ದೆ. ಅಷ್ಟೂ ಹೊತ್ತು ಅವನು ನನ್ನ ಪಕ್ಕ ಕೂತು ಲಾರಿ ಚಿತ್ರ ಬರೆದ. ಚಕ್ರದ ನಟ್ಟುಗಳನ್ನೂ ಬಿಡದೆ ಒಂದೊಂದಾಗಿ ಬರೆದ. "ಇವತ್ತು ಹೇಗೋ ಸುಮ್ನಿದಾನೆ ಮೇಡಂ" ಅಂದರು ತಾಯಿ. ಆ ಮಾತಲ್ಲಿ ಖುಷಿಗಿಂತ ಗಾಬರಿ ಜಾಸ್ತಿ ಇತ್ತು. ಮಗ ಹೀಗೇ ಕೂತರೆ ತಾನು ಹೇಳಿದ್ದೆಲ್ಲ ಸುಳ್ಳು ಅಂತ ಆಗುತ್ತಲ್ಲ! ನನಗೆ ಆಗ ಅದು ಹೊಳೆಯಲಿಲ್ಲ.

ಸೀನಿಯರ್ ರಿಪೋರ್ಟ್ ಓದಿ ಕೇಳಿದ್ದು ಒಂದೇ ಪ್ರಶ್ನೆ. "ಬೀಗ ಯಾಕೆ ಅಂತ ಕೇಳಿದ್ರಾ?"

ಕೇಳಿರಲಿಲ್ಲ. ಆ ಸಾಲನ್ನು ಬೇರೆಯವರು ಓದಿದರೆ ಏನಂದುಕೊಳ್ಳುತ್ತಾರೆ? ಮಗುವಿಗೆ ಊಟ ಕೊಡದೆ ಬೀಗ ಜಡಿಯುವ ತಾಯಿ ಅಂತ.

ಇನ್ನೊಂದು ವಿಷಯ ನನಗೆ ಗೊತ್ತಿರಲೇಬೇಕಿತ್ತು. ಡಾಕ್ಟರುಗಳು ಇಂಥ ತೊಂದರೆ ಗುರುತಿಸಲು ಬಳಸುವ ಡಿಎಸ್ಎಂ-5 ಅನ್ನುವ ಕೈಪಿಡಿ ಇದೆ, 2013ರಲ್ಲಿ ಬಂದದ್ದು. ಜಾಗ ಹೊಸದಾಗಿದ್ದರೆ, ಎದುರಿಗೆ ಒಬ್ಬರೇ ಕೂತು ಗಮನ ಕೊಡುತ್ತಿದ್ದರೆ, ಮಾಡುತ್ತಿರುವ ಕೆಲಸ ಇಷ್ಟವಾಗಿದ್ದರೆ ಎಡಿಎಚ್‌ಡಿ ಲಕ್ಷಣ ಕಮ್ಮಿ ಕಾಣಬಹುದು, ಕಾಣದೆಯೂ ಇರಬಹುದು ಅಂತ ಅದರಲ್ಲೇ ಇದೆ. ಮನೆ ಹಳೆಯದಾದರೂ ನಾನು ಹೊಸಬಳು. ಕಣ್ಣೆಲ್ಲ ಅವನ ಮೇಲೆ. ಅವನ ಕೈಲಿ ಬಣ್ಣದ ಪೆನ್ಸಿಲ್. ಅವನು ಸುಮ್ಮನಿರದೆ ಇನ್ನೇನು ಮಾಡುತ್ತಾನೆ?

ಎರಡನೇ ಸಲ ಹೋದಾಗ ಬೀಗದ ಬಗ್ಗೆ ಕೇಳಿದೆ. ತಾಯಿ ಮಾತಾಡದೆ ಒಳಗೆ ಹೋಗಿ ಒಂದು ಹಳೆ ನೋಟ್‌ಬುಕ್ ತಂದು ಕೊಟ್ಟರು. "ಸಂಜೆ 6.10. ಟಿವಿ ಆರಿಸಿದೆ. ರಿಮೋಟ್ ಎಸೆದ, ತಂಗಿಗೆ ಒದ್ದ. 25 ನಿಮಿಷ. ಆಮೇಲೆ ತಾನೇ ಬಂದು ತೊಡೆ ಮೇಲೆ ಮಲಗಿದ." ಪುಟಗಟ್ಟಲೆ ಹೀಗೇ. ಒಂದು ಕಡೆ ಮಾತ್ರ ಅಕ್ಷರ ಸೊಟ್ಟ: "ಚಾಕು ಹಿಡಿದು ಬಾಗಿಲ ಹಿಂದೆ ನಿಂತಿದ್ದ. ನಾಳೆ ಬೀಗ ತರಬೇಕು."

ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು ಅಂತ ಬರೆದಿಡುವುದನ್ನು ನಮಗೆ ಟ್ರೈನಿಂಗಲ್ಲಿ ಕಲಿಸುತ್ತಾರೆ. ಆ ಹೆಂಗಸು ಯಾರೂ ಕಲಿಸದೆ ಅದನ್ನೇ ಮಾಡಿದ್ದರು. ಇಬ್ಬರೂ ಕೂತು ಓದಿದೆವು. ರಂಪ ಶುರುವಾಗುತ್ತಿದ್ದದ್ದು ಹೆಚ್ಚಾಗಿ ಯಾವುದನ್ನೋ ನಿಲ್ಲಿಸುವ ಹೊತ್ತಿಗೆ. ಟಿವಿ, ಆಟ, ಸ್ನಾನ. ಅವನು ಕಿರುಚಿದ, ಸಾಕಾಗಿ ಇವರು ಟಿವಿ ಮತ್ತೆ ಹಾಕಿದರು, ಅವನು ಸುಮ್ಮನಾದ. ಕಿರುಚಿದರೆ ಸಿಗುತ್ತೆ ಅಂತ ಅವನು ಕಲಿತ, ಕೊಟ್ಟರೆ ನಿಲ್ಲುತ್ತೆ ಅಂತ ಇವರು ಕಲಿತರು.

ಐದು ನಿಮಿಷ ಮುಂಚೆ ಹೇಳಿ, ಆಮೇಲೆ ಟಿವಿ ಆರಿಸಿ, ಕಿರುಚಾಟಕ್ಕೆ ಸೋಲಬೇಡಿ, ತಂಗಿಯನ್ನು ಮಾತ್ರ ಆ ಹೊತ್ತಲ್ಲಿ ದೂರ ಇಡಿ ಅಂದೆ. ಮೂರನೇ ದಿನ ಫೋನ್. "ನೀವು ಹೇಳಿದ ಮೇಲೆ ಇನ್ನೂ ಜಾಸ್ತಿ ಆಗಿದೆ ಮೇಡಂ!" ತಪ್ಪು ನನ್ನದೇ. ಸೋಲುವುದನ್ನು ನಿಲ್ಲಿಸಿದಾಗ ಹಟ ಮೊದಲು ಏರಬಹುದು, ಆಮೇಲೆ ಇಳಿಯುತ್ತದೆ. ಮುಂಚೆಯೇ ಹೇಳಿದ್ದರೆ ಅವರು ಹಲ್ಲು ಕಚ್ಚಿ ನಿಲ್ಲುತ್ತಿದ್ದರು. ಈಗ ಈ ಮಾತು ಹೇಳದೆ ಯಾರ ಮನೆಯಿಂದಲೂ ಹೊರಡುವುದಿಲ್ಲ.

ಫೈಲಿನ ಈಚೆ ಬದಿಯಲ್ಲಿ ಕೂತು ಅಪ್ಪ ಅಮ್ಮಂದಿರಿಗೆ ಒಂದೆರಡು ಮಾತು ಹೇಳಬೇಕು. ನಮ್ಮಲ್ಲಿ ಜನ ಬದಲಾಗುತ್ತಲೇ ಇರುತ್ತಾರೆ. ಹೊಸಬರು ನಿಮ್ಮ ಮುಖಕ್ಕಿಂತ ಮೊದಲು ನೋಡುವುದು ಫೈಲನ್ನು. ಒಬ್ಬ ತಂದೆಯ ಫೈಲಲ್ಲಿ "ಸಹಕಾರ ಇಲ್ಲ" ಅಂತ ಇತ್ತು. ಎರಡು ಮೀಟಿಂಗಿಗೆ ಬಂದಿರಲಿಲ್ಲವಂತೆ. ಎರಡೂ ಬೆಳಗ್ಗೆ 11ಕ್ಕೆ, ಅವರ ಶಿಫ್ಟ್ ಹೊತ್ತಿಗೆ. ಆ ಎರಡು ಪದ ಮೂರು ಜನ ವರ್ಕರ್‌ಗಳನ್ನು ದಾಟಿ ನನ್ನ ಕೈಗೆ ಬಂದಿತ್ತು. ಹಾಗಾಗಿ ನಿಮ್ಮ ಬಗ್ಗೆ ಏನು ಬರೆದಿದ್ದಾರೆ ಅಂತ ಕೇಳಿ. ತಪ್ಪಿದ್ದರೆ ತಿದ್ದಿ ಅಂತ ಬರವಣಿಗೆಯಲ್ಲೇ ಕೊಡಿ. ಹೀಗೆ ಕೇಳಿದವರ ಮೇಲೆ ನನಗಂತೂ ಯಾವತ್ತೂ ಸಿಟ್ಟು ಬಂದಿಲ್ಲ. ಮುಜುಗರ ಆಗಿದೆ, ಅದು ಬೇರೆ ಮಾತು.

ನಾವು ಬರುತ್ತೇವೆ ಅಂತ ಒಡೆದ ಬಾಗಿಲನ್ನು ಪರದೆ ಹಾಕಿ ಮುಚ್ಚಬೇಡಿ. ತುಂಬ ಜನ ಮುಚ್ಚುತ್ತಾರೆ, ಯಾಕೆ ಅಂತಲೂ ಗೊತ್ತು. ಮಗುವನ್ನು ಕರಕೊಂಡು ಹೋಗಿಬಿಟ್ಟರೆ ಅನ್ನುವ ಭಯ. ಮಗುವಿಗೆ ಪೆಟ್ಟಾಗುತ್ತಿದೆ ಅಂತ ಕಂಡರೆ ನಾನು ಮೇಲಿನವರಿಗೆ ತಿಳಿಸಲೇಬೇಕು. ಇದನ್ನು ಮೊದಲ ದಿನವೇ ಹೇಳಿಬಿಡುತ್ತೇನೆ. ಆದರೆ ಸುಮ್ನೆ ಬೇರೆ ಮಾಡುವ ಹಾಗಿಲ್ಲ. ಮಗುವಿನ ಹಿತಕ್ಕೆ ಅದು ಬೇಕೇ ಬೇಕು ಅಂತಾದರೆ ಮಾತ್ರ ಅಪ್ಪ ಅಮ್ಮನಿಂದ ದೂರ ಮಾಡಬಹುದು ಅಂತ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿ ಹೇಳುತ್ತದೆ. "ನನ್ನ ಕೈಲಿ ಆಗ್ತಿಲ್ಲ, ಸುಸ್ತಾಗಿದೆ" ಅಂದವರಿಗೆ ನಾನು ಮಾಡಬಹುದಾದದ್ದು ಬಹಳ ಇದೆ. "ಎಲ್ಲ ಚೆನ್ನಾಗಿದೆ" ಅಂದವರಿಗೆ ಏನು ಮಾಡಲಿ ಹೇಳಿ?

ಲಾರಿ ಹುಡುಗನ ಮನೆಗೆ ಐದನೇ ಸಲ ಹೋಗುವ ಹೊತ್ತಿಗೆ ನಾನು ಹಳಬಳಾಗಿದ್ದೆ. ಪೆನ್ಸಿಲ್ ಡಬ್ಬಿ ಎತ್ತಿಡು ಅಂದರು ತಾಯಿ. ಡಬ್ಬಿ ನೇರ ಬಂದು ನನ್ನ ಬ್ಯಾಗಿಗೆ ಬಡಿಯಿತು. ಪೆನ್ಸಿಲ್ಲೆಲ್ಲ ಚೆಲ್ಲಾಪಿಲ್ಲಿ. ತಾಯಿ ನನ್ನ ಕಡೆ ನೋಡಿದರು, ನಾನು ಅವರ ಕಡೆ ನೋಡಿದೆ. ಅವರು ನೋಟ್‌ಬುಕ್ ನನ್ನತ್ತ ತಳ್ಳಿದರು. ಆವತ್ತಿನ ಸಾಲು ನನ್ನ ಅಕ್ಷರದಲ್ಲಿದೆ: "ಸಂಜೆ 5.40. ಎತ್ತಿಡು ಅಂದಾಗ ಡಬ್ಬಿ ಎಸೆದ. 9 ನಿಮಿಷ."