ಬುಟ್ಟಿಯ ಕಣ್ಣು ನೋಡಿ ಸಾಮಾನು ಇಡಬೇಕು

ನಮ್ಮ ಅಡುಗೆಮನೆಯ ಕಿಟಕಿಯ ಕೆಳಗೆ ಈರುಳ್ಳಿಗೆಂದು ಇಟ್ಟಿರುವ ಬಿದಿರಿನ ಬುಟ್ಟಿಗೆ ಈಗ ಹನ್ನೊಂದು ವರ್ಷ. ಮೈಸೂರಿನ ಬಂಬೂ ಬಜಾರಿನಿಂದ ತಂದ ದಿನ ಅದರ ಮೈಮೇಲೆ ಇನ್ನೂ ತಿಳಿಹಸಿರು ಉಳಿದಿತ್ತು. ಕೆಲವು ತಿಂಗಳಲ್ಲಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ಈಗ ಜೇನುತುಪ್ಪದ ಬಣ್ಣಕ್ಕೆ ಬಂದು ನಿಂತಿದೆ. ಅದರ ಹಿಂದೆ ಒಂದೊಂದಾಗಿ ಬಂದು ಸೇರಿದ ಬುಟ್ಟಿಗಳ ಸಂಖ್ಯೆ ಇಂದು 34. ಸಣ್ಣ ಮನೆಯಲ್ಲಿ ಇಷ್ಟು ಬುಟ್ಟಿಗಳೇಕೆ ಎಂದು ಬಂದವರು ಕೇಳುತ್ತಾರೆ. ಇವುಗಳಲ್ಲಿ ಒಂದೂ ಖಾಲಿ ಕುಳಿತಿಲ್ಲ ಎಂಬುದೇ ನನ್ನ ಉತ್ತರ. ಅಂದಕ್ಕಾಗಿ ಮಾತ್ರ ಬುಟ್ಟಿಯನ್ನು ಕೊಳ್ಳಬಾರದು, ಅದಕ್ಕೊಂದು ಕೆಲಸ ಕಾದಿರಬೇಕು ಎಂಬ ನಿಯಮವನ್ನು ಮೊದಲಿನಿಂದಲೂ ಪಾಲಿಸಿಕೊಂಡು ಬಂದಿದ್ದೇನೆ.

ಈ ಪ್ರೀತಿಯ ಬೇರು ಇರುವುದು ಸಾಗರದ ಕಡೆಯ ನಮ್ಮ ಅಜ್ಜಿಯ ಮನೆಯಲ್ಲಿ. ಅಲ್ಲಿ ಎಲ್ಲವನ್ನೂ ‘ಬುಟ್ಟಿ’ ಎಂಬ ಒಂದೇ ಹೆಸರಿನಿಂದ ಕರೆಯುತ್ತಿರಲಿಲ್ಲ. ತೋಟದಿಂದ ಅಡಿಕೆ ಹೊತ್ತು ತರುವುದು ಹೆಡಿಗೆ, ಗೊಬ್ಬರ ಹೊರುವುದು ಮಂಕರಿ, ಅಕ್ಕಿ ಕೇರುವುದು ಮೊರ, ಅನ್ನದ ಗಂಜಿ ಬಸಿಯುವುದು ಚಿಬ್ಬಲು, ಭತ್ತ ತುಂಬಿಡುವುದು ಕಣಜ. ಊರಿಂದೂರಿಗೆ ಈ ಹೆಸರುಗಳು ಬದಲಾಗುತ್ತವೆ. ಒಂದೂರಿನ ಕುಕ್ಕೆ ಇನ್ನೊಂದೂರಿನಲ್ಲಿ ಪುಟ್ಟಿಯಾಗುತ್ತದೆ. ಆದರೆ ಒಂದು ಕೆಲಸಕ್ಕೆ ಒಂದು ಹೆಣಿಗೆ, ಆ ಹೆಣಿಗೆಗೆ ಒಂದು ಹೆಸರು ಎಂಬ ಕ್ರಮ ಎಲ್ಲ ಕಡೆಯೂ ಇತ್ತು. ಗಂಗಾವತಿಯನ್ನು ರಾಜ್ಯದ ಭತ್ತದ ಕಣಜವೆಂದು ಇಂದಿಗೂ ಕರೆಯುತ್ತೇವೆ. ಬಿದಿರಿನಿಂದ ಹೆಣೆದು, ಮಣ್ಣು ಸಗಣಿ ಮೆತ್ತಿ, ಆಳೆತ್ತರಕ್ಕೆ ನಿಲ್ಲಿಸಿದ ಕಣಜವನ್ನು ಕಣ್ಣಾರೆ ಕಂಡವರು ಮಾತ್ರ ಕಡಿಮೆಯಾಗುತ್ತಿದ್ದಾರೆ.

ಬುಟ್ಟಿಯಲ್ಲಿ ಸಾಮಾನು ಇಡುವವರು ಮೊದಲು ನೋಡಬೇಕಾದದ್ದು ಅದರ ಕಣ್ಣನ್ನು. ಜರಡಿಗೆ ಕಣ್ಣಿರುವಂತೆ ಬುಟ್ಟಿಗೂ ಕಣ್ಣಿರುತ್ತದೆ. ಎರಡು ಎಳೆಗಳ ನಡುವೆ ಬಿಟ್ಟ ಆ ಸಂದೇ ಒಳಗಿನ ಪದಾರ್ಥ ಎಷ್ಟು ಉಸಿರಾಡಬೇಕೆಂಬುದನ್ನು ತೀರ್ಮಾನಿಸುತ್ತದೆ. ಈರುಳ್ಳಿ, ಬೆಳ್ಳುಳ್ಳಿಗಳಿಗೆ ಗಾಳಿ ಬೇಕು, ಆದ್ದರಿಂದ ಬೆರಳು ತೂರುವಷ್ಟು ದೊಡ್ಡ ಕಣ್ಣಿನ ಬುಟ್ಟಿಯೇ ಸರಿ. ಆಲೂಗಡ್ಡೆಗೆ ಗಾಳಿಯೂ ಬೇಕು, ಕತ್ತಲೆಯೂ ಬೇಕು. ಬೆಳಕು ಬಿದ್ದರೆ ಅದು ಹಸಿರುಗಟ್ಟಿ ಕಹಿಯಾಗುತ್ತದೆ. ಹಾಗಾಗಿ ಅದನ್ನು ಒತ್ತಾಗಿ ಹೆಣೆದ ಬುಟ್ಟಿಯಲ್ಲಿ ಹಾಕಿ, ಮೇಲೆ ಗೋಣಿಬಟ್ಟೆ ಹೊದಿಸಿ, ಈರುಳ್ಳಿಯಿಂದ ದೂರದಲ್ಲಿ ಇಡುತ್ತೇನೆ.

ಕಣ್ಣಿನ ಈ ಲೆಕ್ಕಾಚಾರವನ್ನು ನನಗೆ ಸರಿಯಾಗಿ ಮನಗಾಣಿಸಿದವರು ಧಾರವಾಡದ ಕಡೆಯವರಾದ ನಮ್ಮ ಅತ್ತೆ. ಮದುವೆಯಾದ ಹೊಸತರಲ್ಲಿ ನಾನು ಅವರು ಬಡಿದ ಜೋಳದ ರೊಟ್ಟಿಗಳನ್ನು ಹಂಚಿನಿಂದ ಇಳಿದಂತೆಲ್ಲ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಿದ್ದೆ. ಅರ್ಧ ಗಂಟೆಯಲ್ಲಿ ಹಬೆಯೆಲ್ಲ ನೀರಾಗಿ ಇಳಿದು, ಕೆಳಗಿನ ನಾಲ್ಕು ರೊಟ್ಟಿಗಳು ಒದ್ದೆಯಾಗಿ ಹರಿದುಹೋದವು. ಅತ್ತೆ ಬೈಯಲಿಲ್ಲ. ಮರುದಿನ ತಮ್ಮ ಬಿದಿರಿನ ರೊಟ್ಟಿ ಬುಟ್ಟಿಯನ್ನು ತೆಗೆದು, ಒಳಗೆ ತೊಳೆದ ಧೋತರದ ತುಂಡು ಹಾಸಿ, ‘ರೊಟ್ಟಿ ಬೆವರತಾವವಾ, ಅವಕ್ಕ ಗಾಳಿ ಬೇಕು’ ಎಂದರು. ಆ ಬುಟ್ಟಿಯಲ್ಲಿ ಹಬೆ ಸಂದುಗಳಿಂದ ಮೆಲ್ಲಗೆ ಹೊರಬೀಳುತ್ತದೆ, ಬಟ್ಟೆ ಉಳಿದ ತೇವವನ್ನು ಹೀರುತ್ತದೆ, ರೊಟ್ಟಿ ಮಧ್ಯಾಹ್ನದವರೆಗೂ ಮೃದುವಾಗಿಯೇ ಇರುತ್ತದೆ. ಈಗ ಆ ಬುಟ್ಟಿ ನನ್ನಲ್ಲಿದೆ. ಸಂಗ್ರಹದಲ್ಲಿ ಅತ್ಯಂತ ಬೆಲೆಯುಳ್ಳದ್ದು ಯಾವುದೆಂದು ಕೇಳಿದರೆ ಅದನ್ನೇ ತೋರಿಸುತ್ತೇನೆ.

ಬಜಾರಿನಲ್ಲಿ ನಾನು ಸಾಮಾನ್ಯವಾಗಿ ಕೊಳ್ಳುವುದು ವಯಸ್ಸಾದ ಒಬ್ಬ ಮೇದರ ಹೆಂಗಸಿನ ಬಳಿ. ಒಂದು ಮಧ್ಯಾಹ್ನ ಅವರ ಪಕ್ಕದಲ್ಲಿ ಕುಳಿತು, ಒಂದು ಬುಟ್ಟಿ ಮೊದಲಿನಿಂದ ಕೊನೆಯವರೆಗೆ ರೂಪುಗೊಳ್ಳುವುದನ್ನು ನೋಡಿದೆ. ಹಸಿ ಬಿದಿರಿನ ತುದಿಗೆ ಕತ್ತಿಯ ಏಟು ಕೊಟ್ಟು ಸೀಳಿ, ಆ ಸೀಳನ್ನು ಮತ್ತೆ ಸೀಳಿ, ಕೊನೆಗೆ ಕಾಲ್ಬೆರಳುಗಳ ನಡುವೆ ಸಿಕ್ಕಿಸಿಕೊಂಡು ಹೊರಮೈಯನ್ನು ಒಳತಿರುಳಿನಿಂದ ಬೇರ್ಪಡಿಸಿದರು. ಹೊಳೆಯುವ ಹೊರಮೈ ಎಳೆಯೇ ಗಟ್ಟಿ. ತಿರುಳಿನ ಎಳೆ ಬೇಗ ಮುರಿಯುತ್ತದೆ, ಹುಳುವಿಗೂ ಇಷ್ಟ. ತಳಕ್ಕೆ ಅಗಲದ ಸೀಳುಗಳನ್ನು ಅಡ್ಡಡ್ಡ ಜೋಡಿಸಿ, ಅವುಗಳ ತುದಿಗಳನ್ನು ಮೇಲಕ್ಕೆ ಬಾಗಿಸಿ, ಸುತ್ತಲೂ ಒಂದು ತೆಳ್ಳನೆಯ ಎಳೆಯನ್ನು ಒಂದರ ಮೇಲೆ, ಇನ್ನೊಂದರ ಕೆಳಗೆ ಎಂದು ಹಾಯಿಸುತ್ತಾ ಹೋದರು. ನಿಂತಿರುವ ಸೀಳುಗಳ ಲೆಕ್ಕ ಬೆಸವಾಗಿರಬೇಕೆಂಬುದು ನನಗೆ ಆಗಲೇ ತಿಳಿದದ್ದು. ಸಮವಾಗಿದ್ದರೆ ಒಂದು ಸುತ್ತು ಮುಗಿಸಿ ಬಂದ ಎಳೆ ಮತ್ತೆ ಅದೇ ಸೀಳಿನ ಮೇಲೆಯೇ ಬೀಳುತ್ತದೆ, ಹೆಣಿಗೆ ಕೂಡುವುದಿಲ್ಲ. ಬೆಸವಾಗಿದ್ದರೆ ಪ್ರತಿ ಸುತ್ತಿನಲ್ಲೂ ಮೇಲಿದ್ದದ್ದು ಕೆಳಗಾಗಿ ತಾನಾಗಿಯೇ ಬಿಗಿಯುತ್ತದೆ. ಅವರು ಎಣಿಸುತ್ತಿರಲಿಲ್ಲ. ಒಂದು ಸೀಳನ್ನು ಮಾತ್ರ ನಡುವೆ ಎರಡಾಗಿ ಕತ್ತರಿಸಿಕೊಂಡರು, ಲೆಕ್ಕ ಬೆಸವಾಯಿತು.

ಹನ್ನೆರಡನೆಯ ಶತಮಾನದ ಶರಣ ಮೇದರ ಕೇತಯ್ಯನವರ ಕಾಯಕವೂ ಇದೇ ಆಗಿತ್ತು. ಗವರೇಶ್ವರ ಎಂಬ ಅಂಕಿತದಲ್ಲಿ ವಚನಗಳನ್ನು ಬರೆದ ಕೈಗಳೇ ಬಿದಿರನ್ನೂ ಸೀಳಿದ್ದವು. ಆ ಮಧ್ಯಾಹ್ನದ ನಂತರ ನಾನು ಬುಟ್ಟಿಗೆ ಚೌಕಾಶಿ ಮಾಡುವುದನ್ನು ನಿಲ್ಲಿಸಿದೆ.

ಬಿದಿರಿನ ಜೊತೆ ಬದುಕುವವರು ಕುಟ್ಟೆ ಹುಳುವಿನ ಜೊತೆಗೂ ಹೆಣಗಬೇಕಾಗುತ್ತದೆ. ನಾಲ್ಕು ವರ್ಷಗಳ ಹಿಂದೆ, ಶಾಲುಗಳನ್ನು ಇಟ್ಟಿದ್ದ ಮುಚ್ಚಳದ ಬುಟ್ಟಿಯ ಕೆಳಗೆ ಗೋಧಿಹಿಟ್ಟಿನಂತಹ ನುಣುಪಾದ ಹಳದಿ ಪುಡಿ ಬಿದ್ದಿರುವುದನ್ನು ಕಂಡೆ. ಧೂಳೆಂದು ಒರೆಸಿದೆ. ವಾರದಲ್ಲಿ ಮತ್ತೆ ಬಿತ್ತು. ಬುಟ್ಟಿಯನ್ನು ಮಗುಚಿ ನೋಡಿದಾಗ ತಳದ ತುಂಬ ಸೂಜಿಮೊನೆಯಷ್ಟು ತೂತುಗಳು. ಕುಟ್ಟೆಗೆ ಬೇಕಾದದ್ದು ಬಿದಿರಿನೊಳಗಿನ ಪಿಷ್ಟ. ಕಡಿದ ಬಿದಿರನ್ನು ಹಲವು ದಿನ ನೀರಿನಲ್ಲಿ ಮುಳುಗಿಸಿಟ್ಟರೆ ಆ ಪಿಷ್ಟ ಕರಗಿಹೋಗಿ ಹುಳು ಬರುವುದು ಕಡಿಮೆಯಾಗುತ್ತದೆ. ಅಜ್ಜಿಯ ಮನೆಯಲ್ಲಿ ಬುಟ್ಟಿಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗುವಂತೆ ಇಡುತ್ತಿದ್ದುದು ಇದಕ್ಕಾಗಿಯೇ. ಅವು ಕರಿಹಿಡಿದು ಹೊಳೆಯುತ್ತಿದ್ದವು, ಹುಳು ಹತ್ತಿರ ಸುಳಿಯುತ್ತಿರಲಿಲ್ಲ. ಗ್ಯಾಸ್ ಒಲೆಯ ಮನೆಯಲ್ಲಿ ಹೊಗೆಯೆಲ್ಲಿ ಸಿಗಬೇಕು? ಆ ಬುಟ್ಟಿಯನ್ನು ಉಳಿಸಿಕೊಳ್ಳಲಾಗಲಿಲ್ಲ. ಪಕ್ಕದಲ್ಲಿದ್ದ ಎರಡನ್ನು ಏಪ್ರಿಲ್ ಬಿಸಿಲಿನಲ್ಲಿ ದಿನಗಟ್ಟಲೆ ಒಣಗಿಸಿ, ಬೇವಿನೆಣ್ಣೆ ಸವರಿದೆ, ಅವು ಉಳಿದವು. ಈಗ ಪ್ರತಿ ಬೇಸಿಗೆಯಲ್ಲಿ ಎಲ್ಲ ಬುಟ್ಟಿಗಳನ್ನೂ ಖಾಲಿ ಮಾಡಿ ತಾರಸಿಗೆ ಒಯ್ಯುತ್ತೇನೆ. ಮಳೆಗಾಲದಲ್ಲಂತೂ ಒದ್ದೆ ಟವೆಲನ್ನು ಬಿದಿರಿನ ಬುಟ್ಟಿಗೆ ಹಾಕಲೇಬಾರದು. ಎರಡೇ ದಿನದಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಒಗೆಯುವ ಬಟ್ಟೆಗೆ ನಮ್ಮಮ್ಮ ಹೆಣೆದ ಪ್ಲಾಸ್ಟಿಕ್ ವೈರಿನ ಬುಟ್ಟಿಯನ್ನೇ ಬಳಸುತ್ತೇನೆ.

ಇನ್ನೊಂದು ತೊಂದರೆ ಸಿಬಿರಿನದು. ರೇಷ್ಮೆ ಸೀರೆಯ ಒಂದೆಳೆ ಸಿಬಿರಿಗೆ ಸಿಕ್ಕಿದರೆ ಅದನ್ನು ಸರಿಪಡಿಸಲಾಗದು. ಇದಕ್ಕೆ ನಮ್ಮ ಹಳೆಯ ಮನೆಗಳಲ್ಲಿದ್ದ ಉಪಾಯ ಮೆಂತ್ಯ ಮೆತ್ತುವುದು. ಹಳೆಯ ದಿನಪತ್ರಿಕೆಗಳನ್ನು ಹರಿದು ಎರಡು ದಿನ ನೀರಿನಲ್ಲಿ ನೆನೆಸಬೇಕು. ಮೆಂತ್ಯವನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ನುಣ್ಣಗೆ ರುಬ್ಬಿ, ಹಿಂಡಿದ ಕಾಗದದ ಜೊತೆ ರೊಟ್ಟಿ ಹಿಟ್ಟಿನ ಹದಕ್ಕೆ ಕಲಸಬೇಕು. ಅದನ್ನು ಒಳಗೂ ಹೊರಗೂ ತೆಳ್ಳಗೆ ಮೆತ್ತಿ, ಒದ್ದೆ ಅಂಗೈಯಿಂದ ಸವರಿ ನಯ ಮಾಡಿ, ನೆರಳಿನಲ್ಲಿ ಒಣಗಿಸಿ, ಆಮೇಲೆ ಬಿಸಿಲಿಗೆ ಇಡಬೇಕು. ಒಮ್ಮೆಗೇ ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಒಣಗಿದ ಮೇಲೆ ಬುಟ್ಟಿ ಗಟ್ಟಿ ರಟ್ಟಿನಂತಾಗಿ, ಬೆರಳಿನಿಂದ ತಟ್ಟಿದರೆ ಸದ್ದು ಕೊಡುತ್ತದೆ. ಕಣ್ಣುಗಳೆಲ್ಲ ಮುಚ್ಚಿಹೋಗುವುದರಿಂದ ಸಣ್ಣ ವಸ್ತುಗಳೂ ಉದುರುವುದಿಲ್ಲ. ಹೀಗೆ ಮೆತ್ತಿದ ಐದು ಬುಟ್ಟಿಗಳಲ್ಲಿ ಹೊಲಿಗೆಯ ನೂಲು ಗುಂಡಿಗಳು, ಔಷಧಿಗಳು, ಚಾರ್ಜರ್ ವೈರುಗಳು, ವಿದ್ಯುತ್ ಬಿಲ್ಲುಗಳು ಇವೆ. ಮೊದಲ ಕೆಲವು ವಾರ ಮನೆಯೆಲ್ಲ ಮೆಂತ್ಯದ ಘಮ. ನನಗದು ಅಜ್ಜಿಯ ಕೋಣೆಯ ಘಮ.

ಗೌರಿ ಹಬ್ಬದಲ್ಲಿ ಬಾಗಿನವಾಗಿ ಬರುವ ಜೋಡಿ ಮೊರಗಳನ್ನು ಹಲವರು ಹಬ್ಬದ ನಂತರ ಎಸೆದುಬಿಡುತ್ತಾರೆ. ಅರಿಸಿನ ಕುಂಕುಮ ಹಚ್ಚಿದ ಮೊರವನ್ನು ಕಸದ ಬುಟ್ಟಿಯಲ್ಲಿ ನೋಡುವುದು ನನ್ನಿಂದ ಸಾಧ್ಯವಿಲ್ಲ. ಹುಟ್ಟಿದ ಮಗುವನ್ನು ಮೊದಲು ಮೊರದಲ್ಲಿ ಮಲಗಿಸುತ್ತಿದ್ದ ನಾಡು ನಮ್ಮದು. ನಮ್ಮಲ್ಲಿ ಚಿಕ್ಕ ಮೊರಗಳು ಗೋಡೆಗೆ ನೇತುಬಿದ್ದು ಬೀಗದ ಕೈ, ಅಂಚೆ ಕಾಗದಗಳನ್ನು ಹಿಡಿದುಕೊಂಡಿವೆ. ದೊಡ್ಡದರಲ್ಲಿ ಸಂಡಿಗೆ ಒಣಗುತ್ತದೆ.

ಪ್ರವಾಸದಿಂದ ತಂದವೂ ಕೆಲವಿವೆ. ಹಂಪಿಯ ಎದುರು ದಡದ ಆನೆಗುಂದಿಯಲ್ಲಿ ಬಾಳೆನಾರಿನ ಹಗ್ಗ ಹೊಸೆದು ಹೆಣೆದ ಬುಟ್ಟಿಯನ್ನು ಕೊಂಡೆ. ಅದು ಮೆತ್ತಗಿರುವುದರಿಂದ ಉಣ್ಣೆಯ ಬಟ್ಟೆಗಳಿಗೆ ಹೇಳಿಮಾಡಿಸಿದಂತಿದೆ. ಅಲ್ಲಿಗೆ ಹೋಗಿದ್ದಾಗ ತುಂಗಭದ್ರೆಯನ್ನು ದಾಟಿದ ಹರಿಗೋಲೂ ಒಂದು ದೊಡ್ಡ ಬಿದಿರಿನ ಬುಟ್ಟಿಯೇ ಅಲ್ಲವೇ ಎಂದು ಅದರ ತಳದ ಹೆಣಿಗೆಯನ್ನು ಮುಟ್ಟಿ ನೋಡಿದ್ದೆ. ದಕ್ಷಿಣ ಕನ್ನಡದಿಂದ ತಂದ, ಕೊರಗ ಸಮುದಾಯದವರು ಕಾಡುಬಳ್ಳಿಯಿಂದ ಹೆಣೆದ ಬುಟ್ಟಿಗೆ ಈವರೆಗೂ ಕುಟ್ಟೆ ಹಿಡಿದಿಲ್ಲ. ಮಕ್ಕಳ ಮರದ ಆಟಿಕೆಗಳ ಭಾರವನ್ನೆಲ್ಲ ಹೊರುವುದು ಅದೇ.

ಖಾಸಗಿ ಜಮೀನಿನಲ್ಲಿ ಬೆಳೆದ ಬಿದಿರನ್ನು ಕೂಡ ಕಾನೂನು ಬಹುಕಾಲ ಮರವೆಂದೇ ಎಣಿಸುತ್ತಿತ್ತು; ಸಸ್ಯಶಾಸ್ತ್ರದ ಪ್ರಕಾರ ಬಿದಿರು ಹುಲ್ಲು. 1927ರ ಭಾರತೀಯ ಅರಣ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾದ ಮೇಲೆ, ಕಾಡಿನ ಹೊರಗೆ ಬೆಳೆದ ಬಿದಿರನ್ನು ಕಡಿದು ಸಾಗಿಸುವುದಕ್ಕಿದ್ದ ಆ ತೊಡಕು ಹೋಗಿದೆ. ಆದರೂ ಬಜಾರಿನ ಆ ಅಮ್ಮನ ಪಕ್ಕದ ಅಂಗಡಿಗಳಲ್ಲಿ ಈಗ ಏಣಿ, ತಡಿಕೆಗಳ ಜೊತೆ ಪ್ಲಾಸ್ಟಿಕ್ ಬುಟ್ಟಿಗಳೂ ಪೇರಿಸಿಕೊಂಡಿವೆ.

ಹೋದ ವಾರ ಪುಸ್ತಕದ ಕಪಾಟಿನ ಕೆಳಗಿನ ಅರೆಗೆ ಹೊಂದುವ ಬುಟ್ಟಿಯೊಂದು ಬೇಕೆಂದು ಅವರ ಬಳಿ ಹೋದೆ. ಉದ್ದ ಎಷ್ಟು, ಅಗಲ ಎಷ್ಟು ಎಂದು ಅವರು ಮೊದಲು ಕೇಳಲಿಲ್ಲ. ‘ಏನ್ ಹಾಕ್ತೀರ ತಾಯಿ ಅದಕ್ಕೆ?’ ಎಂದರು. ಹಳೆಯ ಫೋಟೋಗಳು ಎಂದೆ. ಸ್ವಲ್ಪ ಹೊತ್ತು ಯೋಚಿಸಿ, ‘ಹಂಗಾದ್ರೆ ಸಂದು ಬಿಡದೆ ಹೆಣಿತೀನಿ, ನೀವು ಒಳಗೆ ಮೆಂತ್ಯ ಮೆತ್ಕೊಳಿ’ ಎಂದು ಹೇಳಿ, ಆಮೇಲಷ್ಟೇ ನಾನು ಹೇಳಿದ ಅಳತೆಯನ್ನು ಗೇಣಿನಲ್ಲಿ ಹಾಕಿ ನೋಡಿಕೊಂಡರು. ಬುಧವಾರ ಬರಲು ಹೇಳಿದ್ದಾರೆ. ಮೆಂತ್ಯ ತಂದಿಟ್ಟಿದ್ದೇನೆ.